ಕಂಪ್ಯೂಟರ್ ತರೊಮುಂದ ಯಂತ್ರ ನೋಡ್ಬೇಕೋ, ಮನೆತನ ನೋಡ್ಬೇಕೋ?

ಇವತ್ತ ಯಾರರೆ ಕಂಪ್ಯೂಟರ್ ತಗೋತೇನಿ ಅಂದ್ರ ಅವರ ಮುಂದಿರೊ ಪ್ರಶ್ನೆ ಭಾಳ ದೊಡ್ಡದೇನಲ್ಲ. ವಿಂಡೋಸ್ ಇರೋದು ಬೇಕೋ, ಆ್ಯಪಲ್ ಬೇಕೋ? ಅದೊಂದು ತೀರ್ಮಾನ ಆತಂದ್ರ ಉಳಿದದ್ದು ರೊಕ್ಕದ ಮಾತು, ತೂಕದ ಮಾತು, ಬಣ್ಣದ ಮಾತು. ಯಾವುದು ತಗೊಂಡ್ರೂ ಪತ್ರ ಬರೀಲಿಕ್ಕೆ ಬರ್ತದ, ಫೋಟೋ ನೋಡ್ಲಿಕ್ಕೆ ಬರ್ತದ, ಹುಡುಗರ ಅಭ್ಯಾಸ ನಡೀತದ. ಒಂದರಾಗ ಬರದ ಪತ್ರ ಇನ್ನೊಂದರಾಗ ತೆಗೀಲಿಕ್ಕೆ ಅಡ್ಡಿ ಇಲ್ಲ.

1983ರಾಗ ಹಿಂಗಿದ್ದಿದ್ದಿಲ್ಲ. ಆ ವರ್ಷ ಅಮೇರಿಕಾದಾಗ ಒಂದ ಸಾಧಾರಣ ಮನಿಯವರು ಕಂಪ್ಯೂಟರ್ ತರೂಣಂತ ಅಂಗಡಿಗೆ ಹೋದ್ರ, ಸಾಲಾಗಿ ಇಟ್ಟ ಯಂತ್ರ ನೋಡೇ ತಲಿ ಗಿಮ್ ಅಂತಿತ್ತು. ಕಾಮೊಡೋರ್, ಅಟಾರಿ, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಟೈಮೆಕ್ಸ್, ಟ್ಯಾಂಡಿ, ಆ್ಯಪಲ್, ಐಬಿಎಂ, ವರ್ಷದ ಕಡೀಕ ಕೊಲೆಕೊ. ಎಲ್ಲಾದಕ್ಕೂ ಕಂಪ್ಯೂಟರ್ ಅಂತನ ಹೆಸರು. ಆದ್ರ ಒಂದರ ಕ್ಯಾಸೆಟ್ ಇನ್ನೊಂದರಾಗ ನಡೀತಿದ್ದಿಲ್ಲ, ಒಂದರ ಆಟ ಇನ್ನೊಂದಕ್ಕ ಕೂಡತಿದ್ದಿಲ್ಲ. ನಮ್ಮ ಮಿಕ್ಸರಿನ ಜಾರ್ ಇದ್ದಂಗ ನೋಡ್ರಿ. ಒಂದ ಕಂಪನಿ ಜಾರ್ ಇನ್ನೊಂದ ಕಂಪನಿ ಮಿಕ್ಸರಿನ ಮ್ಯಾಲೆ ಕೂಡಂಗಿಲ್ಲ. ಆ ಕಂಪನಿ ಮುಚ್ಚಿತಂದ್ರ ಜಾರ್ ಅಟ್ಟಕ್ಕ.

ಖರೇ ಹೇಳ್ಬೇಕಂದ್ರ ಹಿಂಗ ಅಟ್ಟಕ್ಕ ಹೋದ ಕಂಪ್ಯೂಟರಿಗೆ ಅಲ್ಲಿ ಒಂದ ಹೆಸರಿತ್ತು: ಅನಾಥ ಕಂಪ್ಯೂಟರ್. ನಾ ಇಟ್ಟ ಹೆಸರಲ್ಲ ಇದು, ಅವರ ಪತ್ರಿಕಾದಾಗ ಹಂಗ ಬರೀತಿದ್ರು. ಯಂತ್ರ ಕೆಟ್ಟಿರಂಗಿಲ್ಲ, ಛೊಲೊ ನಡೀತಿರ್ತದ, ಆದ್ರ ಹುಟ್ಟಿಸಿದ ಕಂಪನಿ ಕೈ ಬಿಟ್ಟಿರ್ತದ. ಆ ಎರಡ ಮೂರ ವರ್ಷದಾಗ ಲಕ್ಷಗಟ್ಟಲೆ ಮನಿಯೊಳಗ ಹಿಂಗಾತು. ಅವರೇನ ಹುಚ್ಚರಾ? ಅಲ್ಲ. ಬೆಲಿ ನೋಡಿದ್ರು, ಮೆಮೊರಿ ಎಷ್ಟದ ಕೇಳಿದ್ರು, ಕೀಬೋರ್ಡ್ ಒತ್ತಿ ನೋಡಿದ್ರು. ಆದ್ರ ನಾವು ಹೆಣ್ಣ ಕೊಡೊಮುಂದ ಹುಡುಗನ ಎತ್ತರ, ಬಣ್ಣ, ಪಗಾರ ಎಲ್ಲಾ ನೋಡಿದ ಮ್ಯಾಲೂ ಒಂದ ಮಾತ ಕೇಳ್ತೇವಲ್ಲ, ಮನೆತನ ಹೆಂಗದ, ಬಳಗ ಎಷ್ಟದ, ನಾಳೆ ಕಷ್ಟ ಬಂದ್ರ ಯಾರ ಬಂದ ನಿಲ್ತಾರ ಅಂತ, ಅದನ್ನ ಕೇಳಬೇಕು ಅಂತ ಅವರಿಗೆ ಯಾರೂ ಹೇಳಿದ್ದಿಲ್ಲ. ಕಂಪ್ಯೂಟರಿಗೂ ಮನೆತನ ಇರ್ತದ ಅನ್ನೂದು ಆಗಿನ್ನೂ ಜನರಿಗೆ ತಿಳೀಬೇಕಾಗಿತ್ತು. ಆ ತಿಳುವಳಿಕಿಗೆ ಎಷ್ಟೋ ಮಂದಿ ಮನಿ ರೊಕ್ಕ ಹೋತು. ಆ ಕತಿ ಇದು.

ಶುರು ಮಾಡಬೇಕಂದ್ರ 1977ಕ್ಕ ಹೋಗಬೇಕು. ಅದಕ್ಕೂ ಮುಂಚೆ ಮನಿಯಾಗ ಕಂಪ್ಯೂಟರ್ ಇಟ್ಕೊಳ್ಳೋ ಆಶಾ ಇದ್ದವರು ಬಿಡಿ ಸಾಮಾನು ತರಿಸಿ ತಾವ ಬೆಸಿಗಿ ಹಾಕಿ ಜೋಡಸ್ತಿದ್ರು. 1977ರಾಗ ಮಾತ್ರ ಪೆಟ್ಟಿಗಿ ಬಿಚ್ಚಿ, ಪ್ಲಗ್ ಹಚ್ಚಿದ್ರ ನಡಿಯೋ ಅಂಥಾ ಮೂರ ಯಂತ್ರ ಒಂದ ವರ್ಷದಾಗ ಬಂದ್ವು. ಆ್ಯಪಲ್ 2, ಕಾಮೊಡೋರ್ ಕಂಪನಿದು ಪೆಟ್, ಟ್ಯಾಂಡಿ ಕಂಪನಿದು ಟಿಆರ್‌ಎಸ್-80. ಟ್ಯಾಂಡಿಯವರದು ಮೂಲತಃ ಚರ್ಮದ ಸಾಮಾನಿನ ವ್ಯಾಪಾರ! ಆಮ್ಯಾಲೆ ರೇಡಿಯೋ ಶ್ಯಾಕ್ ಅನ್ನೋ ಅಂಗಡಿಗೋಳನ್ನ ಕೊಂಡ್ರು. ಆ ಅಂಗಡಿ ಊರೂರಿಗೆ ಇದ್ವು, ಹಿಂಗಾಗಿ ಅವರ ಕಂಪ್ಯೂಟರ್ ಸಣ್ಣ ಊರಾಗೂ ಸಿಗ್ತಿತ್ತು. ಪರದೆ, ಕ್ಯಾಸೆಟ್ ರೆಕಾರ್ಡರ್ ಎಲ್ಲಾ ಸೇರಿ 599 ಡಾಲರ್ 95 ಸೆಂಟ್. ಆ್ಯಪಲ್ 2 ಅದರ ಎರಡರಷ್ಟ ತುಟ್ಟಿ, 1,298 ಡಾಲರ್, ಅದೂ ಪರದೆ ಇಲ್ಲದ. ಆದ್ರ ಅದರಾಗ ಬಣ್ಣ ಇತ್ತು, ಮತ್ತ ಒಳಗ ಎಂಟ ಖಾಲಿ ಸ್ಲಾಟ್ ಇದ್ವು.

ಈ ಖಾಲಿ ಸ್ಲಾಟಿನ ಮಾತ ನೆನಪಿಡ್ರಿ, ಮುಂದ ಬರ್ತದ. ಯಂತ್ರದ ಒಳಗ ಉದ್ದಕ ಸೀಳಿದಂಗ ಕೆಲವ ಗೂಡ ಇರ್ತಾವ. ನಾಳೆ ಹೊಸಾದೇನರೆ ಬೇಕಾದ್ರ, ಪ್ರಿಂಟರಿಂದೋ, ಹೆಚ್ಚಿನ ಮೆಮೊರಿದೋ, ಒಂದ ಕಾರ್ಡ್ ತಂದು ಅದರಾಗ ಸಿಗಿಸಿದ್ರಾತು. ಆ ಕಾರ್ಡ್ ಆ್ಯಪಲ್‌ದವರ ಮಾಡಬೇಕಂತಿಲ್ಲ, ಯಾರ ಬೇಕಾದ್ರೂ ಮಾಡಿ ಮಾರಬಹುದು. ಸ್ಟೀವ್ ಜಾಬ್ಸ್‌ಗೆ ಎರಡ ಸ್ಲಾಟ್ ಸಾಕು ಅನಿಸಿತ್ತಂತ, ಯಂತ್ರ ಮಾಡಿದ ಸ್ಟೀವ್ ವೋಜ್ನಿಯಾಕ್ ಎಂಟು ಬೇಕಂದ್ರ ಬೇಕು ಅಂತ ಹಟಾ ಹಿಡದ. ಮನಿ ಕಟ್ಟೊಮುಂದ ಬಂದವರಿಗೆ ಒಂದ ಖೋಲಿ ಇರಲಿ ಅಂತ ಬಿಡೋ ಹಿರಿಯಾರ ಬುದ್ಧಿ ಅದು.

ಮನೆತನದ ಪಾಠ ಪೈಲೇ ಕಂಡದ್ದು 1979ರಾಗ. ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರ್ಯಾಂಕ್‌ಸ್ಟನ್ ಅಂತ ಇಬ್ಬರು ವಿಸಿಕ್ಯಾಲ್ಕ್ ಅನ್ನೋ ಲೆಕ್ಕದ ಪ್ರೋಗ್ರಾಂ ಬರದ್ರು. ಈಗಿನ ಎಕ್ಸೆಲ್‌ನ ಅಜ್ಜಿ ಅನ್ನಬಹುದು. ಕಿರಾಣಿ ಯಾದಿ ಹಾಕಿ ಪ್ರತಿಯೊಂದರ ರೇಟು ಬರದಿರ್ರಿ ಅಂತ ತಿಳೀರಿ. ಎಣ್ಣಿ ರೇಟ ಒಂದ ತಿದ್ದಿದ್ರ ತಿಂಗಳದ ಒಟ್ಟು ತಾನ ತಿದ್ದಕೋತದ. ಅಲ್ಲೀ ತನಕ ಅಂಗಡಿಯವರು, ಆಫೀಸಿನವರು ಒಂದ ಅಂಕಿ ಬದಲಾದ್ರ ಇಡೀ ಹಾಳಿ ಅಳಿಸಿ ಮತ್ತ ಕೂಡಸಬೇಕಾಗಿತ್ತು. ಇದು ಸುಮಾರ ಒಂದ ವರ್ಷ ಆ್ಯಪಲ್ 2 ಮ್ಯಾಲೆ ಅಷ್ಟ ನಡೀತಿತ್ತು. ಜನ ಅಂಗಡಿಗೆ ಬಂದು "ವಿಸಿಕ್ಯಾಲ್ಕ್ ಕೊಡ್ರಿ" ಅಂತಿದ್ರು, ಅದನ್ನ ನಡಸ್ಲಿಕ್ಕೆ ಬೇಕಾದ ಯಂತ್ರ ಕೂಡೇ ಒಯ್ತಿದ್ರು. ನೂರ ಡಾಲರಿನ ಪ್ರೋಗ್ರಾಂ ಸಲವಾಗಿ ಎರಡ ಸಾವಿರ ಡಾಲರಿನ ಯಂತ್ರ. ಯಂತ್ರದ ಗುಣ ಯಂತ್ರದಾಗ ಅಷ್ಟ ಇರಂಗಿಲ್ಲ, ಅದರ ಜೋಡಿ ಬರೋ ಬಳಗದಾಗ ಇರ್ತದ ಅನ್ನೂದು ವ್ಯಾಪಾರಸ್ಥರಿಗೆ ಆಗ ತಿಳೀತು. ಮನಿಮಂದಿಗೆ ತಿಳೀಲಿಕ್ಕೆ ಇನ್ನೂ ನಾಕೈದ ವರ್ಷ ಬೇಕಾತು, ಯಾಕಂದ್ರ ನಡುವ ಬಂದದ್ದು ಬೆಲಿ ಯುದ್ಧ.

ಆ ಯುದ್ಧದ ಮೂಲ ಹಳೇ ಸೇಡು. ಕಾಮೊಡೋರ್ ಕಟ್ಟಿದ ಜ್ಯಾಕ್ ಟ್ರಾಮಿಯೆಲ್ ಪೋಲಂಡಿನ ಯಹೂದಿ. ಹುಡುಗ ಇದ್ದಾಗ ಹಿಟ್ಲರನ ಆಶ್ವಿಟ್ಜ್ ಕ್ಯಾಂಪಿನಾಗ ಇದ್ದು ಜೀವಂತ ಉಳದು ಬಂದಾಂವ. ಅಮೇರಿಕಾಕ್ಕ ಬಂದು ಟೈಪ್‌ರೈಟರ್ ರಿಪೇರಿ ಮಾಡಿದ, ಮುಂದ ಕ್ಯಾಲ್ಕುಲೇಟರ್ ಮಾಡಿ ಮಾರಿದ. ಕ್ಯಾಲ್ಕುಲೇಟರಿಗೆ ಬೇಕಾದ ಚಿಪ್ ತಗೋತಿದ್ದದ್ದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಿಂದ. 1970ರ ದಶಕದ ನಡುವ ಟೆಕ್ಸಸ್‌ದವರಿಗೆ, ಚಿಪ್ ಯಾಕ ಮಾರೂಣು, ನಾವ ಕ್ಯಾಲ್ಕುಲೇಟರ್ ಮಾಡಿ ಮಾರೂಣು ಅನಿಸ್ತು. ಟ್ರಾಮಿಯೆಲ್‌ಗೆ ಬರೇ ಬಿಡಿ ಸಾಮಾನಿಗೆ ಬೀಳೊ ಖರ್ಚಿಗಿಂತ ಕಮ್ಮಿ ಬೆಲಿಗೆ ಅವರು ತಯಾರ ಕ್ಯಾಲ್ಕುಲೇಟರ್ ಮಾರಿದ್ರು. ಕಾಮೊಡೋರ್ ಮುಳುಗೇ ಹೋಗ್ತಿತ್ತು. ಟ್ರಾಮಿಯೆಲ್ ಅದನ್ನ ಮರೀಲಿಲ್ಲ. 1976ರಾಗ ಎಂಒಎಸ್ ಟೆಕ್ನಾಲಜಿ ಅನ್ನೋ ಚಿಪ್ ಮಾಡೊ ಕಂಪನೀನ ಕೊಂಡಬಿಟ್ಟ. ಇನ್ನ ಮ್ಯಾಲೆ ಹಿಟ್ಟಿನ ಗಿರಣಿನೂ ತಂದ, ರೊಟ್ಟಿ ಬಡಿಯೋದೂ ತಂದ.

ಟೆಕ್ಸಸ್‌ದವರು ಮನಿ ಕಂಪ್ಯೂಟರಿಗೆ ಕೈ ಹಾಕಿದಾಗ ಟ್ರಾಮಿಯೆಲ್ ಕಾಯ್ತನ ಇದ್ದ. ಅವರದು ಟಿಐ-99/4ಎ, 1981ರಾಗ 525 ಡಾಲರಿಗೆ ಬಂತು. ಇವಂದು ವಿಕ್-20, 300 ಡಾಲರಿನ ಒಳಗ. ಇದನ್ನ ಕಂಪ್ಯೂಟರ್ ಅಂಗಡಿಯಾಗ ಅಷ್ಟ ಅಲ್ಲ, ಕೆ-ಮಾರ್ಟಿನಂಥ ಅಂಗಡಿಯೊಳಗೂ, ಅರಬಿ ಪಾತ್ರಿ ಮಾರೊ ಕಡೆನೂ ಇಟ್ಟ. ಸ್ಟಾರ್ ಟ್ರೆಕ್ ಧಾರಾವಾಹಿಯ ವಿಲಿಯಂ ಶಾಟ್ನರ್ ಜಾಹೀರಾತಿನಾಗ ಬಂದು, ಬರೇ ವಿಡಿಯೋ ಆಟದ ಡಬ್ಬಿ ಯಾಕ ತಗೋತೀರಿ, ಕಂಪ್ಯೂಟರ್ ತಗೋರಿ ಅಂತ ಹೇಳ್ತಿದ್ದ. ಇನ್ನೊಂದ ಜಾಹೀರಾತಿನಾಗ ಕಾಲೇಜಿಗೆ ಹೋದ ಹುಡುಗ ಸೋತು ಮಾರಿ ಸಣ್ಣದು ಮಾಡ್ಕೊಂಡು ಮನಿಗೆ ವಾಪಸ್ ಬರ್ತಾನ, ಯಾಕಂದ್ರ ಮನಿಯಾಗ ಕಂಪ್ಯೂಟರ್ ಇದ್ದಿದ್ದಿಲ್ಲ. ಅದನ್ನ ನೋಡಿದ ತಾಯಿ ಜೀವ ಏನಾಗಬೇಡ? ಮಕ್ಕಳ ಹೆಸರ ಹೇಳಿ ತಾಯಂದ್ರ ಗಂಟ ಬಿಚ್ಚಸೋ ವಿದ್ಯಾ ನಮ್ಮ ಕಡೆ ಟ್ಯೂಶನ್‌ದವರಿಗೆ ಅಷ್ಟ ಗೊತ್ತಿರೋದಲ್ಲ ಅಂತೇನಿ.

1982ರ ಆಗಸ್ಟಿನಾಗ ಕಾಮೊಡೋರ್ 64 ಬಂತು. 64 ಕೆಬಿ ಮೆಮೊರಿ, 595 ಡಾಲರ್. ಆಗಿನ ಕಾಲಕ್ಕ ಅಷ್ಟ ಮೆಮೊರಿ ಅಷ್ಟ ರೊಕ್ಕಕ್ಕ ಯಾರೂ ಕೊಡ್ತಿದ್ದಿಲ್ಲ. ಅಲ್ಲಿಂದ ಇಳೀಲಿಕ್ಕೆ ಹತ್ತಿತು ನೋಡ್ರಿ ಬೆಲಿ. ಟೆಕ್ಸಸ್‌ದವರು 100 ಡಾಲರ್ ವಾಪಸ್ ಕೊಡ್ತೇವಿ ಅಂದ್ರು. ಕಾಮೊಡೋರ್ ಇನ್ನೂ ಇಳಿಸ್ತು. 1983ರ ಬ್ಯಾಸಗಿ ಹೊತ್ತಿಗೆ ಟೆಕ್ಸಸ್ ಯಂತ್ರ 99 ಡಾಲರಿಗೆ ಬಂತು, ಕಾಮೊಡೋರ್ 64 ಸುಮಾರ 200ಕ್ಕ. ಟ್ರಾಮಿಯೆಲ್ ಇನ್ನೊಂದ ಆಟಾ ಆಡಿದ. ಯಾವುದ ಬ್ಯಾರೆ ಕಂಪ್ಯೂಟರ್ ಆಗಲಿ, ವಿಡಿಯೋ ಆಟದ ಡಬ್ಬಿ ಆಗಲಿ ನಮಗ ಕಳಸ್ರಿ, ಕಾಮೊಡೋರ್ 64 ಮ್ಯಾಲೆ 100 ಡಾಲರ್ ಕಮ್ಮಿ ಮಾಡ್ತೇವಿ ಅಂದ. ಶಾಣ್ಯಾ ಗಿರಾಕಿಗೋಳು ಏನ ಮಾಡಿದ್ರು? ಎಲ್ಲಾಕ್ಕಿಂತ ಸೋವಿ ಟೈಮೆಕ್ಸ್ ಸಿಂಕ್ಲೇರ್ ಯಂತ್ರ 50 ಡಾಲರಿನೊಳಗ ಕೊಂಡು, ಡಬ್ಬಿ ಸೈತ ಬಿಚ್ಚದ ಕಾಮೊಡೋರಿಗೆ ಕಳಿಸಿದ್ರು! ಹಳೇ ಕುಕ್ಕರ್ ಕೊಟ್ಟು ಹೊಸಾದ ಒಯ್ರಿ ಅಂದಾಗ ಗುಜರಿಯಿಂದ ತೂತಬಿದ್ದ ಕುಕ್ಕರ್ ಹುಡುಕಿ ತರೋ ಬುದ್ಧಿ ಎಲ್ಲಾ ಊರಾಗೂ ಒಂದ.

ಈಗ ನಿಮಗನಿಸಬಹುದು, ಸೋವಿ ಆದ್ರ ಮನಿಯವರಿಗೆ ಛೊಲೊನ ಅಲ್ಲಾ ಅಂತ. ಇಲ್ಲೇ ಗುಟ್ಟಿರೋದು. 99 ಡಾಲರಿಗೆ ಸಿಗ್ತಿದ್ದದ್ದು ಬರೇ ಕೀಬೋರ್ಡ್ ಇರೋ ಡಬ್ಬಿ. ಪರದೆಗೆ ಮನಿ ಟಿವಿ ಹಚ್ಚಬೇಕು, ಅಂದ್ರ ಸಂಜಿಗೆ ಅಪ್ಪ ಸುದ್ದಿ ನೋಡೊಮುಂದ ಕಂಪ್ಯೂಟರ್ ಬಂದ್. ಬರದದ್ದು ಉಳೀಬೇಕಂದ್ರ ಕ್ಯಾಸೆಟ್ ರೆಕಾರ್ಡರ್ ಬೇಕು, ಇಲ್ಲಾ ಡಿಸ್ಕ್ ಡ್ರೈವ್. ಡ್ರೈವಿನ ಬೆಲಿ ಯಂತ್ರದ ಬೆಲಿನ ಮೀರಿಸ್ತಿತ್ತು. ಟೆಕ್ಸಸ್ ಯಂತ್ರಕ್ಕ ಡ್ರೈವ್, ಹೆಚ್ಚಿನ ಮೆಮೊರಿ ಹಚ್ಚಬೇಕಂದ್ರ ಬ್ಯಾರೆನ ಒಂದ ಉಕ್ಕಿನ ಪೆಟ್ಟಿಗಿ ತಗೋಬೇಕಾಗಿತ್ತು, ಅದರ ವಾಯರ್ ಎಷ್ಟ ದಪ್ಪ ಅಂದ್ರ ಬೆಂಕಿ ಆರಸೋ ಪೈಪು ಅಂತ ಜನ ಚಾಷ್ಟಿ ಮಾಡ್ತಿದ್ರು. ಈಗಿನ ಪ್ರಿಂಟರ್ ಇದ್ದಂಗ, ಪ್ರಿಂಟರ್ ಸೋವಿ, ಶಾಯಿ ತುಟ್ಟಿ.

ಟೆಕ್ಸಸ್‌ದವರು ಕೆಟ್ಟದ್ದು ಇನ್ನೊಂದ ಕಾರಣಕ್ಕ, ನನ್ನ ಪ್ರಕಾರ ಅದ ಮುಖ್ಯ ಕಾರಣ. ಅವರ ಯಂತ್ರದ ಒಳಗಿನ ಚಿಪ್ 16 ಬಿಟ್‌ದು, ಓರಗಿಯ ಯಂತ್ರಗೋಳದೆಲ್ಲಾ 8 ಬಿಟ್. ಕಾಗದದ ಮ್ಯಾಲೆ ಇವರ ಮುಂದ. ಆದ್ರ ಯಂತ್ರ ಲುಕ್ಸಾನಿಗೆ ಮಾರಿ ಆಟ, ಪಾಠದ ಕಾರ್ಟ್ರಿಜ್‌ನಾಗ ಲಾಭ ತಗೀಬೇಕು ಅನ್ನೋ ಲೆಕ್ಕ ಅವರದು. ಹಿಂಗಾಗಿ ಕಾರ್ಟ್ರಿಜ್ ನಾವ ಮಾಡಬೇಕು, ಹೊರಗಿನವರು ಮಾಡಕೂಡದು ಅಂತ ಬಾಗಲಾ ಹಾಕಿದ್ರು. 1983ರಾಗ ತಂದ ಯಂತ್ರದಾಗಂತೂ ಹೊರಗಿನವರ ಕಾರ್ಟ್ರಿಜ್ ಹಾಕಿದ್ರ ನಡೀಲಾರದಂಗ ಮಾಡಿಬಿಟ್ರು. ಮಂದಿನ್ನ ಒಳಗ ಕರಕೊಳ್ಳದ ಮನಿಗೆ ಯಾರ ಬರ್ತಾರ? ಆ ವರ್ಷ ಒಂದ ತ್ರೈಮಾಸಿಕದಾಗ 10 ಕೋಟಿ ಡಾಲರಿಗಿಂತ ಹೆಚ್ಚು ಲುಕ್ಸಾನ ಆತು. 1983ರ ಅಕ್ಟೋಬರ್ 28ಕ್ಕ, ಇನ್ನ ನಾವ ಮನಿ ಕಂಪ್ಯೂಟರ್ ಮಾಡಂಗಿಲ್ಲ ಅಂತ ಸಾರಿದ್ರು. ಅಂಗಡಿಯಾಗ ಉಳಿದದ್ದು 50 ಡಾಲರಿಗೆ ಹೋದ್ವು. ಒಟ್ಟು ಮಾರಿದ್ದು ಸುಮಾರ 28 ಲಕ್ಷ ಯಂತ್ರ. ಅಷ್ಟೂ ಒಂದ ದಿನದಾಗ ಅನಾಥ.

ಹಂಗಂತ ಜನ ಸುಮ್ಮನ ಕೂಡ್ಲಿಲ್ಲ. ಊರೂರಿಗೆ ಬಳಕೆದಾರರ ಸಂಘ ಮಾಡಿಕೊಂಡ್ರು, ತಿಂಗಳಿಗೊಂದ ಸಣ್ಣ ಪತ್ರಿಕಾ ಛಾಪಿಸಿ ಹಂಚಿದ್ರು, ಒಬ್ಬರ ಪ್ರೋಗ್ರಾಂ ಇನ್ನೊಬ್ಬರಿಗೆ ಕೊಟ್ರು. ಶಿಕಾಗೋದಾಗ ಟೆಕ್ಸಸ್ ಯಂತ್ರದವರ ಮೇಳ ವರ್ಷಾನುಗಟ್ಟಲೆ ನಡೀತು. ಕಂಪನಿ ಬಿಟ್ಟುಹೋದ ಮ್ಯಾಲೆ ಬಳಗ ತಾವ ಕಟ್ಟಿಕೊಂಡ್ರು. ಇದು ನನಗ ಆ ಇಡೀ ಕತಿಯಾಗ ಭಾಳ ಸೇರಿದ್ದು.

ಅದ 1983ರ ದೊಡ್ಡದಿನಕ್ಕ, ಅಂದ್ರ ಕ್ರಿಸ್‌ಮಸ್ಸಿಗೆ, ಕೊಲೆಕೊ ಕಂಪನಿ ಆ್ಯಡಮ್ ಅನ್ನೋ ಕಂಪ್ಯೂಟರ್ ತಂತು. ಆ ವರ್ಷ ಕ್ಯಾಬೇಜ್ ಪ್ಯಾಚ್ ಗೊಂಬಿ ಸಲವಾಗಿ ಅಮೇರಿಕಾದ ತಾಯಂದ್ರು ಅಂಗಡಿಯಾಗ ಜಗ್ಗಾಡಿದ್ರಲ್ಲ, ಆ ಗೊಂಬಿ ಮಾರ್ತಿದ್ದವರ ಇವರು. ಇವರ ವಿಚಾರ ಮನಿಮಂದಿಗೆ ಭಾಳ ಸರಿ ಅನಿಸೋವಂಥಾದ್ದು: ಯಂತ್ರ, ಕೀಬೋರ್ಡ್, ಟೇಪ್ ಡ್ರೈವ್, ಪ್ರಿಂಟರ್, ಪತ್ರ ಬರಿಯೋ ಪ್ರೋಗ್ರಾಂ, ಎಲ್ಲಾ ಒಂದ ಡಬ್ಬಿಯೊಳಗ. ಬ್ಯಾರೇನೂ ತರೋದ ಬ್ಯಾಡ. ನಾನೂ ಆಗ ಅಲ್ಲಿದ್ರ ಇದನ್ನ ತಗೀಸ್ತಿದ್ನೋ ಏನೋ.

ಆದ್ರ ಮಾಡಿದವರು ಏನ ಮಾಡಿದ್ರು ಅಂದ್ರ ಇಡೀ ಯಂತ್ರಕ್ಕ ಕರೆಂಟ್ ಹೋಗೋ ಸಪ್ಲಾಯ್‌ನ ಪ್ರಿಂಟರಿನ ಹೊಟ್ಟಿಯೊಳಗ ಇಟ್ರು. ಪ್ರಿಂಟರ್ ಕೆಟ್ಟು ರಿಪೇರಿಗೆ ಕೊಟ್ರ ಕಂಪ್ಯೂಟರೂ ಬಂದ್. ಒಂದ ಲೈಟ್ ಹೋದ್ರ ಇಡೀ ಸರ ಹೋಗೊ ದೀಪಾವಳಿ ಸೀರಿಯಲ್ ಸೆಟ್ಟಿನಂಗ. ಅದೂ ಹೋಗ್ಲಿ, ಯಂತ್ರ ಚಾಲೂ ಮಾಡಿದ ಕೂಡ್ಲೆ ಅದರಿಂದ ಒಂದ ಕಾಂತಶಕ್ತಿ ಅಲಿ ಹೊಂಡತಿತ್ತು. ಟೇಪು ಡ್ರೈವಿನೊಳಗ ಇದ್ರ, ಇಲ್ಲಾ ಹತ್ತಿರ ಇದ್ರ ಅದರ ಮ್ಯಾಲೆ ಬರದದ್ದು ಅಳಿಸಿಹೋಗೋ ಭಯ. ರಾತ್ರಿಯೆಲ್ಲಾ ಕೂತ ಹುಡುಗಿ ಬರದ ನಿಬಂಧ ಮುಂಜಾನೆ ಬಟನ್ ಒತ್ತಿದ್ರ ಮಾಯ! ಬಹಳಷ್ಟ ಯಂತ್ರ ಅಂಗಡಿಗೆ ವಾಪಸ್ ಬಂದ್ವು. 1984ರಾಗ ಕಂಪನಿಯವರು, ಆ್ಯಡಮ್ ತಗೊಂಡ್ರ ನಿಮ್ಮ ಹುಡುಗರ ಕಾಲೇಜಿಗೆ 500 ಡಾಲರ್ ವಿದ್ಯಾರ್ಥಿವೇತನ ಕೊಡ್ತೇವಿ ಅಂತ ಆಶಾ ತೋರಿಸಿದ್ರು. ಆದ್ರೂ 1985ರ ಜನವರಿಯಾಗ ಅಂಗಡಿ ಕಟ್ಟಿದ್ರು. ಎಲ್ಲಾ ಒಂದ ಡಬ್ಬಿಯೊಳಗ ಕೊಟ್ಟವರು ಹೋದ್ರಂದ್ರ ಎಲ್ಲಾನೂ ಒಮ್ಮೆ ಹೋಗ್ತದ.

ನಡುವ ಒಂದ ನಮ್ಮ ದಕ್ಷಿಣದ ಸಂಬಂಧದ ಮಾತ ಹೇಳಿ ಮುಂದ ಹೋಗ್ತೇನಿ. 1981ರಾಗ ಆಸ್‌ಬೋರ್ನ್ 1 ಅಂತ ಕೈಯಾಗ ಹಿಡಕೊಂಡು ಒಯ್ಯೋ ಕಂಪ್ಯೂಟರ್ ಬಂತು. ತೂಕ ಹತ್ತ ಕಿಲೋಕ್ಕಿಂತ ಹೆಚ್ಚು, ಪರದೆ ಐದ ಇಂಚಿಂದು, 1,795 ಡಾಲರ್. ಆ ರೊಕ್ಕದಾಗ ಪತ್ರ ಬರಿಯೋ ವರ್ಡ್‌ಸ್ಟಾರ್, ಲೆಕ್ಕದ ಸೂಪರ್‌ಕ್ಯಾಲ್ಕ್ ಎಲ್ಲಾ ಸೇರಿದ್ವು. ಇದನ್ನ ಮಾಡಿದ ಆ್ಯಡಂ ಆಸ್‌ಬೋರ್ನ್ ಸಣ್ಣವ ಇದ್ದಾಗ ಬೆಳೆದದ್ದು ತಮಿಳುನಾಡಿನಾಗ. ಅವರಪ್ಪ ಆರ್ಥರ್ ಆಸ್‌ಬೋರ್ನ್ ತಿರುವಣ್ಣಾಮಲೈ ರಮಣ ಮಹರ್ಷಿಗಳ ಭಕ್ತರು, ಮಹರ್ಷಿಗಳ ಮ್ಯಾಲೆ ಪುಸ್ತಕ ಬರದವರು. ಆಸ್‌ಬೋರ್ನ್ ಕಂಪನಿ ಭರ್ರನ ಮ್ಯಾಲೆ ಹೋಗಿ 1983ರ ಸೆಪ್ಟೆಂಬರಿನಾಗ ದಿವಾಳಿ ಆತು. ಮುಂದಿನ ಮಾಡೆಲ್ ತಯಾರಾಗೋಕ ಮುಂಚೇನ ಅದರ ಸುದ್ದಿ ಹೇಳಿಬಿಟ್ಟದ್ದಕ್ಕ ಜನ ಇದ್ದದ್ದನ್ನ ಕೊಳ್ಳೋದ ನಿಲ್ಲಿಸಿದ್ರು ಅಂತಾರ. ಅದೊಂದ ಕಾರಣ ಅಲ್ಲ ಅನ್ನವರೂ ಇದ್ದಾರ. ಆ್ಯಡಂ ಕಡೀಕ ಕೊಡೈಕನಾಲಿಗೆ ಬಂದು 2003ರಾಗ ಅಲ್ಲೇ ತೀರಿಕೊಂಡ್ರು.

ಈಗ ಐಬಿಎಂ ಕಡೆ ಬರೂಣು. 1981ರ ಆಗಸ್ಟ್ 12ಕ್ಕ ಐಬಿಎಂ ಪಿಸಿ ಬಂತು, ಬರೇ 16 ಕೆಬಿ ಇದ್ದು ಡ್ರೈವ್ ಇಲ್ಲದ್ದಕ್ಕ 1,565 ಡಾಲರ್. ಯಂತ್ರ ಅಂತ ನೋಡಿದ್ರ ಇದರಾಗ ವಿಶೇಷ ಏನೂ ಇದ್ದಿದ್ದಿಲ್ಲ. ಕಾಮೊಡೋರ್ 64ರಷ್ಟ ಛಂದ ಸಂಗೀತ ಬರ್ತಿದ್ದಿಲ್ಲ, ಬಣ್ಣದ ಆಟಕ್ಕ ಅಟಾರಿ ಮುಂದ ನಿಲ್ತಿದ್ದಿಲ್ಲ. ಲಗೂನ ಮಾಡಬೇಕಂತ ಫ್ಲೋರಿಡಾದ ಬೋಕಾ ರಟಾನ್ ಊರಾಗ ಡಾನ್ ಎಸ್ಟ್ರಿಜ್ ಅನ್ನವರ ಮುಂದಾಳತನದಾಗ ಸಣ್ಣ ತಂಡ ಕೂತು ಸುಮಾರ ಒಂದ ವರ್ಷದಾಗ ಮುಗಿಸಿತ್ತು. ಪ್ಯಾಟಿಯಾಗ ಸಿಗೋ ಸಾಮಾನು ತಂದ್ರು, ಚಿಪ್ ಇಂಟೆಲ್‌ದು, ನಡಸೋ ಡಾಸ್ ಮೈಕ್ರೋಸಾಫ್ಟ್‌ದು. ಒಳಗ ಐದ ಸ್ಲಾಟ್ ಬಿಟ್ರು. ಮತ್ತ, ಎಲ್ಲಾಕ್ಕಿಂತ ದೊಡ್ಡ ಮಾತು, ಯಂತ್ರ ಹೆಂಗ ಕಟ್ಟೇವಿ ಅನ್ನೂದರ ನಕಾಶಿ ಸಮೇತ ಪುಸ್ತಕ ಛಾಪಿಸಿ ಮಾರಿದ್ರು. ಹೊರಗಿನವರು ಕಾರ್ಡ್ ಮಾಡಲಿ, ಪ್ರೋಗ್ರಾಂ ಬರೀಲಿ ಅಂತ. ಟೆಕ್ಸಸ್‌ದವರು ಹಾಕಿದ ಬಾಗಲಾ ಇವರು ತಗದಿಟ್ರು.

ಡಾಸ್ ವಿಷಯದಾಗೂ ಮನಿಮಂದಿ ಲೆಕ್ಕನ ಗೆದ್ದದ್ದು ನೋಡ್ರಿ. ಐಬಿಎಂ ಪಿಸಿಗೆ ಮೂರ ನಮೂನಿ ಆಪರೇಟಿಂಗ್ ಸಿಸ್ಟಂ ಸಿಗ್ತಿದ್ವು. ಅದರಾಗ ಮೈಕ್ರೋಸಾಫ್ಟಿನ ಡಾಸ್‌ಗೆ 40 ಡಾಲರ್, ಆಗಿನ ಹೆಸರುವಾಸಿ ಸಿಪಿ/ಎಂ-86ಕ್ಕ 240 ಡಾಲರ್, ಅದೂ ತಡಾ ಮಾಡಿ ಬಂತು. 40 ಬಿಟ್ಟು 240 ಯಾರ ಕೊಡ್ತಾರ? ಆದ್ರ ಮೈಕ್ರೋಸಾಫ್ಟ್ ಒಂದ ಶಾಣ್ಯಾತನ ಮಾಡಿತ್ತು: ಡಾಸ್‌ನ ಬ್ಯಾರೆಯವರಿಗೂ ಮಾರೊ ಹಕ್ಕ ತನ್ನ ಕಡೆನ ಇಟ್ಕೊಂಡಿತ್ತು.

ಅದರ ಉಪಯೋಗ ಆದದ್ದು ಕಾಂಪ್ಯಾಕ್ ಬಂದಾಗ. 1982ರಾಗ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಹೊರಗ ಬಂದ ಮೂರ ಮಂದಿ, ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮುರ್ಟೊ, ಹ್ಯೂಸ್ಟನ್ನಿನ ಒಂದ ಹೋಟೆಲಿನಾಗ ತಾಟಿನ ಕೆಳಗ ಹಾಸೋ ಕಾಗದದ ಮ್ಯಾಲೆ ಯಂತ್ರದ ಚಿತ್ರ ತಗಿಸಿದ್ರಂತ. ಅವರ ಹಟಾ ಏನಂದ್ರ, ಐಬಿಎಂ ಪಿಸಿ ಮ್ಯಾಲೆ ನಡಿಯೋ ಪ್ರತಿಯೊಂದ ಪ್ರೋಗ್ರಾಂ ನಮ್ಮ ಯಂತ್ರದ ಮ್ಯಾಲೂ ತಕರಾರ ಇಲ್ಲದ ನಡೀಬೇಕು. ಅಡ್ಡ ಇದ್ದದ್ದು ಒಂದ ಮಾತ್ರ, ಬಯೋಸ್ ಅನ್ನೋ ಸಣ್ಣ ಪ್ರೋಗ್ರಾಂ. ಅದು ಐಬಿಎಂ ಸ್ವಂತದ್ದು, ನಕಲ ಮಾಡಿದ್ರ ಕೋರ್ಟು. ಹಿಂಗಾಗಿ ಇವರು ಎರಡ ಗುಂಪ ಮಾಡಿದ್ರು. ಒಂದ ಗುಂಪು ಐಬಿಎಂ ಬಯೋಸ್ ಓದಿ, ಅದು ಏನೇನ ಕೆಲಸ ಮಾಡ್ತದ ಅಂತ ಅಷ್ಟ ಬರದು ಕೊಡ್ತು. ಅದನ್ನ ಒಮ್ಮೆನೂ ಕಣ್ಣಿಲೆ ನೋಡದ ಇನ್ನೊಂದ ಗುಂಪು, ಆ ಚೀಟಿ ಇಟ್ಕೊಂಡು ತಮ್ಮದ ಬಯೋಸ್ ಬರೀತು. ಒಬ್ಬಾಕಿ ಮಂದಿ ಮನಿ ಹುಳಿ ಉಂಡು ಬಂದು, ಇಂಥಾ ರುಚಿ ಬರಬೇಕು ಅಂತ ಹೇಳ್ತಾಳ. ಆ ಮನಿ ಒಲಿ ಸೈತ ಕಾಣದ ಇನ್ನೊಬ್ಬಾಕಿ ಅದ ರುಚಿ ತರ್ತಾಳ. ಕದ್ದದ್ದು ಅನ್ನಲಿಕ್ಕೆ ಬರಂಗಿಲ್ಲ.

ಕಾಂಪ್ಯಾಕ್ ಸೋವಿ ಏನಿದ್ದಿದ್ದಿಲ್ಲ, 2,995 ಡಾಲರ್, ತೂಕ ಸುಮಾರ 13 ಕಿಲೋ. ಆದ್ರೂ ಪೈಲೇ ವರ್ಷ 53,000 ಯಂತ್ರ ಮಾರಿದ್ರು. ಅದ 1983ರ ಜನವರಿಯಾಗ ಲೋಟಸ್ 1-2-3 ಅನ್ನೋ ಲೆಕ್ಕದ ಪ್ರೋಗ್ರಾಂ ಐಬಿಎಂ ಸಲವಾಗಿ ಬಂದಿತ್ತು. ಅಲ್ಲಿಂದ ಮುಂದ ಅಂಗಡಿಯಾಗ ಜನ ಕೇಳೊ ಪ್ರಶ್ನೆನ ಬದಲಾತು. ಮೆಮೊರಿ ಎಷ್ಟು ಅಂತ ಅಲ್ಲ, ಇದರಾಗ ಲೋಟಸ್ ನಡೀತದೇನು ಅಂತ. ಅಂದ್ರ ಮನೆತನ ವಿಚಾರಸಲಿಕ್ಕೆ ಹತ್ತಿದ್ರು. ಡಾಸ್ ಇದ್ರೂ ಐಬಿಎಂಗೆ ಪೂರ್ತಿ ಹೊಂದಲಾರದ ಯಂತ್ರಗೋಳು ಒಂದೊಂದ ಹಿಂದ ಬಿದ್ವು. ಡಿಇಸಿ ಅನ್ನೋ ದೊಡ್ಡ ಕಂಪನಿ ರೇನ್‌ಬೋ ಅನ್ನೋ ಯಂತ್ರ ತಂದಿತ್ತು. ಅದರಾಗ ಶುರುವಿಗೆ ಖಾಲಿ ಫ್ಲಾಪಿ ತಂದು ನಾವ ತಯಾರ ಮಾಡ್ಕೊಳ್ಳಿಕ್ಕೆ ಬರ್ತಿದ್ದಿಲ್ಲ, ತಯಾರಾದ ಫ್ಲಾಪೀನ ಅವರ ಕಡೆಯಿಂದನ ಕೊಳ್ಳಬೇಕು. ಎಂಥಾ ಹಿಡಿತ ನೋಡ್ರಿ!

ತಮಾಷೆ ಅಂದ್ರ ಐಬಿಎಂದವರ ತಾವ ಈ ಪಾಠ ಮರತು ಮನಿಮಂದಿಗಂತ 1983ರ ನವೆಂಬರಿನಾಗ ಪಿಸಿ ಜೂನಿಯರ್ ಅಂತ ತಂದ್ರು. ಚೂಯಿಂಗ್ ಗಮ್ ಗುಳಿಗಿ ಸಾಲಾಗಿ ಅಂಟಿಸಿದಂಥಾ ಕೀಬೋರ್ಡ್, ಮತ್ತ ಪಿಸಿಯ ಎಲ್ಲಾ ಪ್ರೋಗ್ರಾಂ ಅದರಾಗ ನಡೀತಿದ್ದಿಲ್ಲ. ದೊಡ್ಡ ಮನೆತನದ ಹೆಸರ ಹೇಳ್ಕೊಂಡು ಬಂದ್ರೂ ಆ ಮನೆತನಕ್ಕ ಸೇರಲಾರದ ಕೂಸು. 1985ರ ಮಾರ್ಚಿನಾಗ ನಿಲ್ಲಿಸಿಬಿಟ್ರು. ಆ್ಯಪಲ್ 1984ರ ಜನವರಿಯಾಗ 2,495 ಡಾಲರಿಗೆ ಮ್ಯಾಕಿಂಟಾಶ್ ತಂತು. ಮೌಸ್, ಚಿತ್ರ, ಕಿಟಕಿ, ಈಗ ನಾವ ಬಳಸೋದೆಲ್ಲಾ ಸಾಮಾನ್ಯರ ಕೈಗೆ ಬಂದದ್ದು ಅದರಿಂದನ. ಆದ್ರ ಈ ಸಲ ಜಾಬ್ಸ್ ಮಾತ ನಡೀತು, ಒಳಗ ಒಂದೂ ಸ್ಲಾಟ್ ಇಲ್ಲ, ಬ್ಯಾರೆಯವರಿಗೆ ಮಾಡ್ಲಿಕ್ಕೂ ಬಿಡ್ಲಿಲ್ಲ. ಆ್ಯಪಲ್ ಉಳಕೊಂಡದ್ದು ಪುಸ್ತಕ ಛಾಪಿಸೋವರು, ಚಿತ್ರದವರು ಅದನ್ನ ಬಿಟ್ಟುಕೊಡದ್ದಕ್ಕ. ಕಾಮೊಡೋರ್ 64 ಒಂದು ಕೋಟಿಗಿಂತ ಹೆಚ್ಚು ಮಾರಾಟ ಆತು, ಆದ್ರ ಟ್ರಾಮಿಯೆಲ್ 1984ರ ಜನವರಿಯಾಗನ ತನ್ನ ಕಂಪನಿ ಬಿಟ್ಟು ಹೊರಗ ಬಿದ್ದ, ಕಾಮೊಡೋರ್ 1994ರಾಗ ಮುಳುಗ್ತು. ಬೆಲಿ ಯುದ್ಧ ಗೆದ್ದವರೂ ಉಳೀಲಿಲ್ಲ.

ನಮ್ಮ ದೇಶದ ಶಾಲಿಯೊಳಗ ಕಂಪ್ಯೂಟರ್ ಬಂದಾಗ ಬಂದದ್ದು ಈ ಯಾವುದೂ ಅಲ್ಲ, ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. 1984ರಾಗ ಸರಕಾರದವರು ಕ್ಲಾಸ್ ಅನ್ನೋ ಯೋಜನಾ ಶುರು ಮಾಡಿ ಅವನ್ನ ಶಾಲಿಗೆ ಹಂಚಿದ್ರು. ಗಟ್ಟಿ ಯಂತ್ರ, ಕಲಿಸಲಿಕ್ಕೆ ಛೊಲೊ ಅಂತ ಹೆಸರಾದದ್ದು. ಆದ್ರ ಅದರ ಬಳಗ ಇಂಗ್ಲೆಂಡಿನಾಗ. ಅದ ವರ್ಷ ನವೆಂಬರಿನಾಗ ರಾಜೀವ್ ಗಾಂಧಿ ಸರಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದು ಸುಂಕ, ಲೈಸನ್ಸಿನ ಕಾಟ ಕಮ್ಮಿ ಮಾಡ್ತು. ಆವಾಗ ಬೆಂಗಳೂರಿನ ವಿಪ್ರೊದಂಥಾ ಕಂಪನಿಗೋಳು ಮಾಡ್ಲಿಕ್ಕೆ ಹತ್ತಿದ್ದು ಐಬಿಎಂ ನಮೂನಿ ಪಿಸಿ. ವಿಚಿತ್ರ ನೋಡ್ರಿ, ಐಬಿಎಂ ಕಂಪನಿನ ಆಗ ನಮ್ಮ ದೇಶದಾಗ ಇದ್ದಿದ್ದಿಲ್ಲ. 1978ರಾಗ ಬಿಟ್ಟು ಹೋದವರು, ಟಾಟಾದವರ ಕೈ ಹಿಡದು ತಿರುಗಿ ಬಂದದ್ದು 1992ಕ್ಕ. ಮನಿ ಹಿರಿಯರು ಊರ ಬಿಟ್ಟು ಹೋದ್ರೂ ಮನೆತನ ಇಲ್ಲೇ ಬೆಳೀತು. ಮುಂದ ಬೆಂಗಳೂರಿನ ಎಸ್.ಪಿ. ರೋಡಿನಾಗ ಒಂದ ಅಂಗಡಿಯಾಗ ಮದರ್‌ಬೋರ್ಡ್, ಇನ್ನೊಂದರಾಗ ಕ್ಯಾಬಿನೆಟ್, ಮತ್ತೊಂದರಾಗ ರ‍್ಯಾಮ್ ತಗೊಂಡು ಜೋಡಿಸಿ ಕೊಡ್ತಿದ್ದದ್ದು ಇದ ಮನೆತನದ ಯಂತ್ರ. ಹೆಸರಿಲ್ಲದ ಡಬ್ಬಿ, ಆದ್ರ ಯಾವ ಪಾರ್ಟ್ ಹೋದ್ರೂ ಸಿಗ್ತದ, ಯಾವ ಓಣಿಯಾಗೂ ರಿಪೇರಿ ಮಾಡೋ ಹುಡುಗ ಇರ್ತಾನ.

ನಾ ಮೊದಲ ನೆನಪಿಡ್ರಿ ಅಂದ ಸ್ಲಾಟ್ ಇಲ್ಲೇ ಬರ್ತದ. ಕಾನ್ಪುರದ ಐಐಟಿಯೊಳಗ ಶುರುವಾಗಿ, ಮುಂದ ಪುಣೆಯ ಸಿ-ಡ್ಯಾಕ್ ಸಂಸ್ಥೆ ಬೆಳಸಿದ ಜಿಸ್ಟ್ ಕಾರ್ಡ್ ಅಂತ ಒಂದಿತ್ತು. ಐಬಿಎಂ ನಮೂನಿ ಪಿಸಿ ಬಿಚ್ಚಿ, ಖಾಲಿ ಇದ್ದ ಸ್ಲಾಟಿನಾಗ ಅದನ್ನ ಸಿಗಿಸಿದ್ರ, ಇಂಗ್ಲಿಷ್ ಬಿಟ್ಟು ಬ್ಯಾರೆ ಅಕ್ಷರಾನ ಗೊತ್ತಿರಲಾರದ ಡಾಸ್ ಪರದೆ ಮ್ಯಾಲೆ ಹಿಂದಿ, ತಮಿಳು, ತೆಲುಗು, ಮತ್ತ ನಮ್ಮ ಕನ್ನಡ ಅಕ್ಷರ ಮೂಡ್ತಿದ್ವು.